ಫೈರ್‌ವಾಲ್‌ಗೆ ಬುಕಿಂಗ್ ಗೊತ್ತಿರಬೇಕು

(ಮಡಿಕೇರಿಯಲ್ಲಿ ಹೋಂಸ್ಟೇ ಮಾಲೀಕರು, ಸಹಕಾರ ಸಂಘಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವರು ಮತ್ತು ವೆಬ್‌ಸೈಟ್ ಮಾಡಿಕೊಡುವ ಯುವಕ ಯುವತಿಯರ ಮುಂದೆ ಆಡಿದ ಮಾತು. ಬರಹಕ್ಕಿಳಿಸುವಾಗ ಅಲ್ಪಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಹಾಗಾಗಿ ಸ್ಲೈಡ್ ತಂದಿಲ್ಲ, ಬಾಯಲ್ಲೇ ಹೇಳಿಬಿಡುತ್ತೇನೆ.

ಸರ್ವರ್ ನೋಡಿಕೊಳ್ಳುವವರಿಗೆ ನಮ್ಮ ಜಿಲ್ಲೆಯಲ್ಲಿ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರದವು. “ದುಡ್ಡು ಕಟ್ ಆಗಿದೆಯಂತೆ, ನಮಗೆ ಬುಕಿಂಗೇ ಬಂದಿಲ್ಲ.” “ಬೆಳಿಗ್ಗೆ ಮೊದಲ ಸಲ ತೆಗೆದ್ರೆ ಎರರ್, ಆಮೇಲೆ ಸರಿ ಆಗ್ತದೆ.” “ಬೆಂಗಳೂರಲ್ಲಿ ಓಪನ್ ಆಗ್ತದೆ, ನಾಪೋಕ್ಲಲ್ಲಿ ಆಗ್ತಿಲ್ಲ.” “ಇಂಗ್ಲಿಷಲ್ಲಿ ಹೆಸರು ಹಾಕಿದ್ರೆ ಹೋಗ್ತದೆ, ಕನ್ನಡದಲ್ಲಿ ಹಾಕಿದ್ರೆ ಫೋರ್‌ಬಿಡನ್ ಅಂತ ಬರ್ತದೆ.” ಮಾಲೀಕರು ವೆಬ್‌ಸೈಟ್ ಮಾಡಿದವರಿಗೆ ಫೋನ್ ಹಚ್ಚುತ್ತಾರೆ, ಅವರು ಕೋಡ್ ಸರಿ ಇದೆ ಅನ್ನುತ್ತಾರೆ. ನೆಟ್‌ವರ್ಕ್‌ನವರಿಗೆ ಮಾಡಿದರೆ ಫೈರ್‌ವಾಲ್, ಅಂದರೆ ಸರ್ವರ್‌ಗೆ ಯಾರು ಬರಬಹುದು ಹೋಗಬಹುದು ಎಂದು ನೋಡುವ ಕಾವಲು, ಸರಿ ಇದೆ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೋಡ್ ಬರೆದವರು ಫೈರ್‌ವಾಲ್ ಕಡೆ ತಲೆ ಹಾಕಿಲ್ಲ, ಫೈರ್‌ವಾಲ್ ಕೂರಿಸಿದವರು ಆ್ಯಪ್ ಏನೇನು ಮಾಡುತ್ತದೆ ಎಂದು ಕೇಳಿಲ್ಲ.

ನಾನು ಹೇಳಲು ಬಂದಿರುವುದು ಇಷ್ಟೇ. ನಿಯಮ ಬರೆಯಲು ಕೂರುವ ಮೊದಲು ಒಂದು ಬುಕಿಂಗ್ ಶುರುವಿನಿಂದ ಕೊನೆತನಕ ಎಲ್ಲೆಲ್ಲಿ ಹೋಗಿ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಯಾರು ಯಾರನ್ನು ಕರೆಯುತ್ತಾರೆ, ಎಷ್ಟು ಹೊತ್ತು ಮಾತಾಡುತ್ತಾರೆ, ಎಷ್ಟು ದೊಡ್ಡ ಫೈಲ್ ಕಳಿಸುತ್ತಾರೆ, ಯಾವ ಭಾಷೆಯಲ್ಲಿ ಬರೆಯುತ್ತಾರೆ. ಫೈರ್‌ವಾಲ್‌ನ ಪ್ರತಿ ಸಾಲೂ ಆ ಹಾಳೆಯಿಂದ ಹುಟ್ಟಬೇಕು. ಹಾಳೆಯಲ್ಲಿ ಇಲ್ಲದ್ದು ಮುಚ್ಚಿರಬೇಕು.

ತುಲಾ ಸಂಕ್ರಮಣದ ವಾರ ಎಂದಿಟ್ಟುಕೊಳ್ಳಿ. ತಲಕಾವೇರಿಗೆ ಬರಲಿರುವ ಬೆಂಗಳೂರಿನ ಒಂದು ಕುಟುಂಬ ಕಕ್ಕಬ್ಬೆ ಕಡೆ ಹೋಂಸ್ಟೇ ಹುಡುಕುತ್ತಿದೆ. ಫೋನಿನಲ್ಲಿ ನಿಮ್ಮ ಸೈಟ್ ತೆರೆಯುತ್ತಾರೆ, 443ನೇ ಪೋರ್ಟಿಗೆ, ಅಂದರೆ ಸುರಕ್ಷಿತ ವೆಬ್‌ಸೈಟ್‌ಗಳ ಬಾಗಿಲಿಗೆ, ಬರುತ್ತಾರೆ. ಆ್ಯಪ್ ಡೇಟಾಬೇಸ್ ಕೇಳಿ ಕೋಣೆ ಖಾಲಿ ಇದೆಯಾ ನೋಡುತ್ತದೆ. ಅತಿಥಿ ಹೆಸರು, ವಿಳಾಸ ತುಂಬಿ, ಗುರುತಿನ ಚೀಟಿಯ ಫೋಟೋ ಏರಿಸುತ್ತಾರೆ, ಯುಪಿಐನಲ್ಲಿ ಅಡ್ವಾನ್ಸ್ ಕಟ್ಟುತ್ತಾರೆ. ದುಡ್ಡು ಬಂತೆಂದು ಪೇಮೆಂಟ್ ಗೇಟ್‌ವೇಯ ಸರ್ವರ್ ನಿಮ್ಮ ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತದೆ. ನಿಮ್ಮ ಸರ್ವರ್ ಎಸ್‌ಎಂಎಸ್ ಕಳಿಸುತ್ತದೆ, ಇಮೇಲ್ ಕಳಿಸುತ್ತದೆ. ಇಷ್ಟು ಓಡಾಟದಲ್ಲಿ ಫೈರ್‌ವಾಲ್‌ನವರ ಗಮನಕ್ಕೆ ಬರುವುದು ಮೊದಲ ಹೆಜ್ಜೆ ಒಂದೇ. “80, 443 ಬಿಟ್ಟಿದ್ದೇವಲ್ಲ ಸರ್, ಇನ್ನೇನು ಬೇಕು?”

ದುಡ್ಡು ಕಟ್ ಆಗಿ ಬುಕಿಂಗ್ ಬರದ ದೂರನ್ನೇ ಮೊದಲು ಬಿಡಿಸೋಣ. ಗೇಟ್‌ವೇ ಕಳಿಸುವ ಆ ಸುದ್ದಿಗೆ ವೆಬ್‌ಹುಕ್ ಅನ್ನುತ್ತಾರೆ. ಅದನ್ನು ಕಳಿಸುವುದು ಮನುಷ್ಯರಲ್ಲ, ಇನ್ನೊಂದು ಸರ್ವರ್. ಅದರ ಬಳಿ ಕುಕೀ ಇರುವುದಿಲ್ಲ, ಬ್ರೌಸರ್ ಇರುವುದಿಲ್ಲ, ಜಾವಾಸ್ಕ್ರಿಪ್ಟ್ ಓಡಿಸಲು ಬರುವುದಿಲ್ಲ. ಸೈಟ್ ಮುಂದೆ ‘ನೀವು ಮನುಷ್ಯರೇ?’ ಎಂದು ಪರೀಕ್ಷಿಸುವ ಬಾಟ್ ತಡೆ ಇದ್ದರೆ, ಅದರ ಕಣ್ಣಿಗೆ ಇದು ಅಪ್ಪಟ ಬಾಟ್. ನಿಜಕ್ಕೂ ಬಾಟೇ! ತಡೆದುಬಿಡುತ್ತದೆ. ಗೇಟ್‌ವೇ ಇನ್ನಷ್ಟು ಸಲ ಪ್ರಯತ್ನಿಸಿ ಸುಮ್ಮನಾಗುತ್ತದೆ. ಅತಿಥಿಯ ಖಾತೆಯಿಂದ ದುಡ್ಡು ಹೋಗಿದೆ, ನಿಮ್ಮ ಕ್ಯಾಲೆಂಡರ್‌ನಲ್ಲಿ ಕೋಣೆ ಖಾಲಿ ಕಾಣುತ್ತಿದೆ, ಅದೇ ಕೋಣೆಯನ್ನು ಇನ್ನೊಬ್ಬರಿಗೂ ಕೊಡುತ್ತೀರಿ. ಆಮೇಲೆ ಅಂಗಳದಲ್ಲಿ ನಡೆಯುವ ಜಗಳ ನಿಮಗೇ ಗೊತ್ತು.

ಇದಕ್ಕೆ ಬಾಟ್ ತಡೆಯನ್ನೇ ಕಿತ್ತುಹಾಕುವವರಿದ್ದಾರೆ, ಅದು ತಪ್ಪು. ವೆಬ್‌ಹುಕ್ ಬರುವ ಆ ಒಂದು ವಿಳಾಸಕ್ಕೆ ಮಾತ್ರ ಬಾಟ್ ಪರೀಕ್ಷೆ ಬೇಡ ಎಂದು ಬರೆಯಿರಿ. ಅಲ್ಲಿಗೆ ಪೋಸ್ಟ್ ವಿಧಾನ (ಮಾಹಿತಿ ಕಳಿಸುವ ಬಗೆಯ ಕೋರಿಕೆ) ಬಿಟ್ಟು ಬೇರೇನೂ ಬರದಂತೆ ಮಾಡಿ. ಗೇಟ್‌ವೇಯವರು ತಮ್ಮ ಐಪಿ ವಿಳಾಸಗಳನ್ನು, ಅಂದರೆ ಇಂಟರ್ನೆಟ್‌ನಲ್ಲಿ ತಮ್ಮ ಸರ್ವರ್‌ಗಳ ನಂಬರ್‌ಗಳನ್ನು, ಪ್ರಕಟಿಸಿದ್ದರೆ ಅಷ್ಟಕ್ಕೇ ಬಾಗಿಲು ತೆರೆಯಿರಿ. ಸುದ್ದಿ ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವುದು ಫೈರ್‌ವಾಲ್‌ನ ಕೆಲಸವಲ್ಲ. ಪ್ರತಿ ಸುದ್ದಿಯ ಜೊತೆ ಗೇಟ್‌ವೇ ಒಂದು ಗುಪ್ತ ಸಹಿ ಕಳಿಸುತ್ತದೆ, ಅದನ್ನು ಆ್ಯಪ್ ಪರಿಶೀಲಿಸಬೇಕು. ಯಾವ ಕಾವಲು ಯಾರದ್ದು ಎಂದು ಹೀಗೆ ಹಂಚಿಕೊಳ್ಳದಿದ್ದರೆ ಇಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಂಡು ಕೂರುತ್ತಾರೆ.

ಇದರ ಅಣ್ಣನಂಥ ತೊಂದರೆ ಇನ್ನೊಂದುಂಟು. “ನಮ್ಮ ಗಿರಾಕಿಗಳೆಲ್ಲ ಭಾರತದವರೇ, ಉಳಿದ ದೇಶಗಳನ್ನೆಲ್ಲ ಬ್ಲಾಕ್ ಮಾಡಿ” ಎಂದು ಯಾರೋ ಹೇಳುತ್ತಾರೆ. ಕೇಳಲು ಜಾಣತನದ ಹಾಗೇ ಇದೆ. ಆದರೆ ನಮ್ಮ ಬಹುಪಾಲು ಸಣ್ಣ ಸೈಟುಗಳು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಸರ್ಟಿಫಿಕೇಟ್ (ಸೈಟ್ ಸುರಕ್ಷಿತ, ಅಸಲಿ ಎಂಬ ದಾಖಲೆ) ಮೇಲೆ ನಡೆಯುತ್ತವೆ. ಅದರ ಆಯಸ್ಸು ಸಾಮಾನ್ಯವಾಗಿ 90 ದಿನ. ನವೀಕರಿಸುವಾಗ ಸೈಟ್ ನಿಮ್ಮದೇ ಎಂದು ಅವರು 80ನೇ ಪೋರ್ಟಿಗೆ (ಗೂಢಲಿಪಿ ಇಲ್ಲದ ಹಳೆಯ ವೆಬ್ ಬಾಗಿಲಿಗೆ) ಬಂದು ನೋಡುತ್ತಾರೆ; ಅದೂ 2020ರಿಂದ ಒಂದೇ ಕಡೆಯಿಂದಲ್ಲ, ಬೇರೆ ಬೇರೆ ಜಾಗಗಳಿಂದ. ಯಾವ ಐಪಿಗಳಿಂದ ಎಂದು ಅವರು ಹೇಳುವುದಿಲ್ಲ. ನೀವು ಇವತ್ತು ಹೊರದೇಶ ಮುಚ್ಚಿದರೆ ಇವತ್ತು ಏನೂ ಆಗುವುದಿಲ್ಲ. ಎರಡು ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಸೈಟ್ ತೆರೆದವರಿಗೆಲ್ಲ ‘ಸುರಕ್ಷಿತವಲ್ಲ’ ಎಂಬ ಕೆಂಪು ಪುಟ. ಆಗ ಆ ನಿಯಮ ಹಾಕಿದ ನೆನಪು ಯಾರಿಗೂ ಇರುವುದಿಲ್ಲ. 80 ಅಸುರಕ್ಷಿತ ಎಂದು ಅದನ್ನು ಪೂರ್ತಿ ಮುಚ್ಚುವವರಿಗೂ ಇದೇ ಗತಿ. ಹೊರದೇಶ ಮುಚ್ಚಲೇಬೇಕೆಂದಿದ್ದರೆ ಡಿಎನ್‌ಎಸ್ ದಾಖಲೆಯ (ಸೈಟ್ ಹೆಸರನ್ನು ಐಪಿಗೆ ಜೋಡಿಸುವ ಪಟ್ಟಿಯ) ಮೂಲಕ ಪರಿಶೀಲಿಸುವ ವಿಧಾನಕ್ಕೆ ಬದಲಾಯಿಸಿಕೊಳ್ಳಿ, ಅದಕ್ಕೆ 80 ಬೇಕಿಲ್ಲ.

ಈಗ ನಾಪೋಕ್ಲಿನ ದೂರು. ಮೊಬೈಲ್ ಕಂಪನಿಗಳ ಬಳಿ ಪ್ರತಿ ಫೋನಿಗೂ ಒಂದೊಂದು ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸ ಕೊಡುವಷ್ಟು ವಿಳಾಸಗಳಿಲ್ಲ. ಹಾಗಾಗಿ ನೂರಾರು ಫೋನುಗಳು ಹೊರಗೆ ಒಂದೇ ವಿಳಾಸದಲ್ಲಿ ಕಾಣುತ್ತವೆ. ಈ ಏರ್ಪಾಟಿಗೆಂದೇ 2012ರಲ್ಲಿ 100.64.0.0/10 ಎಂಬ ವಿಳಾಸಗಳ ಗುಂಪನ್ನು ಎತ್ತಿಟ್ಟರು. ಈಗ ಕಾಫಿ ಕೊಯ್ಲಿನ ಕಾಲ ನೆನೆಸಿಕೊಳ್ಳಿ. ಬೆಳಿಗ್ಗೆ ಊರಿನವರೆಲ್ಲ ಒಂದೇ ಹೊತ್ತಿಗೆ ಸಂಘದ ಸೈಟ್ ತೆರೆದು ಅರೇಬಿಕಾ ಪಾರ್ಚ್‌ಮೆಂಟ್ 50 ಕೆಜಿ ಚೀಲಕ್ಕೆ ಎಷ್ಟು, ರೋಬಸ್ಟಾ ಚೆರ್ರಿಗೆ ಎಷ್ಟು ಎಂದು ನೋಡುತ್ತಾರೆ. ಫೈರ್‌ವಾಲ್‌ನಲ್ಲಿ ‘ಒಂದು ಐಪಿಯಿಂದ ನಿಮಿಷಕ್ಕೆ ಇಷ್ಟೇ’ ಎಂಬ ಮಿತಿ ಇದ್ದರೆ, ಅದಕ್ಕೆ ಇದು ಒಬ್ಬನೇ ಕಿಡಿಗೇಡಿ ಮಾಡುತ್ತಿರುವ ದಾಳಿಯಂತೆ ಕಾಣುತ್ತದೆ. ಇಡೀ ಊರು ಬ್ಲಾಕ್. ಬೆಂಗಳೂರಿನ ಆಫೀಸಿನಲ್ಲಿ ಕೂತು ಪರೀಕ್ಷೆ ಮಾಡಿದವರಿಗೆ ಎಲ್ಲ ಚೆನ್ನಾಗಿಯೇ ಇರುತ್ತದೆ.

ಮಿತಿ ಬೇಡ ಎನ್ನುತ್ತಿಲ್ಲ. ಯಾವ ಪುಟಕ್ಕೆ ಯಾವ ಲೆಕ್ಕ ಎಂಬುದನ್ನು ಆ್ಯಪ್ ನೋಡಿ ನಿರ್ಧರಿಸಬೇಕು. ಬೆಲೆಯ ಪುಟ ಎಲ್ಲರಿಗೂ ಒಂದೇ. ಅದನ್ನು ಕ್ಯಾಶ್‌ನಿಂದ, ಅಂದರೆ ಮೊದಲೇ ತೆಗೆದಿಟ್ಟ ಪ್ರತಿಯಿಂದ, ಕೊಡಿ, ಮಿತಿಯನ್ನು ಸಡಿಲ ಬಿಡಿ. ಲಾಗಿನ್ ಪುಟಕ್ಕೆ ಬಿಗಿಯಾಗಿರಲಿ, ಆದರೆ ಲೆಕ್ಕ ಖಾತೆಯ ಹೆಸರಿಗೆ. ಒಟಿಪಿ ಕಳಿಸುವ ಪುಟಕ್ಕೆ ಲೆಕ್ಕ ಫೋನ್ ನಂಬರಿಗೆ. ಐಪಿವಿ6 ಎಂಬ ಹೊಸ ಬಗೆಯ ಐಪಿಯಲ್ಲಿ ಬರುವವರಿಗೆ ವಿಳಾಸಗಳ ಬರವಿಲ್ಲ, ಅಲ್ಲಿ ಒಂದೊಂದೇ ವಿಳಾಸ ಎಣಿಸಿ ಪ್ರಯೋಜನವೂ ಇಲ್ಲ. /64ರ ಗುಂಪನ್ನು, ಅಂದರೆ ಮೊದಲರ್ಧ ಒಂದೇ ಇರುವ ವಿಳಾಸಗಳನ್ನು, ಒಬ್ಬರೆಂದು ಎಣಿಸುವುದು ರೂಢಿ. ಇನ್ನು ಸೈಟ್ ಮುಂದೆ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ (ಗಿರಾಕಿಗೂ ಸರ್ವರ್‌ಗೂ ನಡುವೆ ನಿಂತು ಪುಟ ಹಂಚುವ ಸೇವೆ) ಇದ್ದರೆ ನಿಮ್ಮ ಸರ್ವರ್‌ಗೆ ಬರುವವರೆಲ್ಲ ಸಿಡಿಎನ್‌ನ ಐಪಿಯಲ್ಲೇ ಕಾಣುತ್ತಾರೆ. ನಿಜವಾದ ಐಪಿ ಕೋರಿಕೆಯ ತಲೆಚೀಟಿಯಾದ ಹೆಡರ್‌ನಲ್ಲಿ ಬರುತ್ತದೆ. ಆ ಹೆಡರ್ ಯಾರು ಬೇಕಾದರೂ ಬರೆದು ಕಳಿಸಬಹುದು, ಹಾಗಾಗಿ ಸಿಡಿಎನ್‌ನಿಂದ ಬಂದಾಗ ಮಾತ್ರ ನಂಬಬೇಕು, ಮತ್ತು 443ನ್ನು ಸಿಡಿಎನ್ ಪ್ರಕಟಿಸಿದ ವಿಳಾಸಗಳಿಗೆ ಮಾತ್ರ ತೆರೆಯಬೇಕು. ಇಲ್ಲದಿದ್ದರೆ ಮುಂಬಾಗಿಲಲ್ಲಿ ಕಾವಲು, ಹಿತ್ತಲು ತೆರೆದಿದೆ ಎಂದಾಗುತ್ತದೆ.

ಕನ್ನಡದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಇದನ್ನು ಹೊರಗಿನವರು ಯಾರೂ ನಮಗಾಗಿ ನೋಡುವುದಿಲ್ಲ.

ಪೋರ್ಟ್ ನೋಡುವ ಫೈರ್‌ವಾಲ್ ಬೇರೆ, ಒಳಗಿನ ಬರಹ ಓದುವ ವೆಬ್ ಆ್ಯಪ್ಲಿಕೇಶನ್ ಫೈರ್‌ವಾಲ್ ಬೇರೆ. ಎರಡನೆಯದರಲ್ಲಿ ಬಹಳ ಜನ ಬಳಸುವ ಒಂದು ಮಾಡ್‌ಸೆಕ್ಯುರಿಟಿ, ಅದರ ಜೊತೆಗೆ ಓವಾಸ್ಪ್ ಎಂಬ ಸುರಕ್ಷತಾ ಸಂಸ್ಥೆಯ ಕೋರ್ ರೂಲ್ ಸೆಟ್ ಎಂಬ ನಿಯಮಗಳ ಕಟ್ಟು. ಅದರಲ್ಲಿ ಅನುಮಾನದ ನಾಲ್ಕು ಹಂತಗಳಿವೆ, ಪ್ಯಾರನಾಯಾ ಲೆವೆಲ್ ಎಂದು ಹೆಸರು. ಗಂಭೀರ ಎಂದು ಗುರುತಿಸಿದ ಒಂದು ನಿಯಮ ತಾಗಿದರೆ 5 ಅಂಕ. ತಡೆಯಲು ಡೀಫಾಲ್ಟ್ ಮಿತಿಯೂ 5. ಅಂದರೆ ಒಂದೇ ಏಟು ಸಾಕು. ಈಗ ಕೇಳಿ: 3ನೇ ಹಂತಕ್ಕೆ ಏರಿಸಿದರೆ ಅಲ್ಲಿ ಒಂದು ನಿಯಮವಿದೆ, ಆಸ್ಕಿಯ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೆ ಪಟ್ಟಿಯ, ಹೊರಗಿನ ಬೈಟ್ ಕಂಡರೆ ಸಾಕು, ಅನುಮಾನ. ಕನ್ನಡದ ಎಲ್ಲ ಅಕ್ಷರಗಳೂ ಆಸ್ಕಿಯ ಹೊರಗೇ ಇವೆ. ‘ಹೆಚ್ಚು ಸುರಕ್ಷತೆ ಇರಲಿ’ ಎಂದು ಗುಂಡಿ ತಿರುಗಿಸಿದವರಿಗೆ ತಾವು ಕನ್ನಡವನ್ನೇ ನಿಷೇಧಿಸಿದ್ದೇವೆ ಎಂಬ ಅರಿವೂ ಇರುವುದಿಲ್ಲ. ಅವರ ಪರೀಕ್ಷೆಯ ಹೆಸರು ಯಾವಾಗಲೂ ‘ಟೆಸ್ಟ್’!

ಉದ್ದದ ಲೆಕ್ಕವೂ ಉಂಟು. ‘ಕೊಡಗು’ ಎಂದು ಬರೆದರೆ ಕಣ್ಣಿಗೆ ಮೂರು ಅಕ್ಷರ. ಎಲ್ಲ ಭಾಷೆಗಳ ಅಕ್ಷರಪಟ್ಟಿಯಾದ ಯೂನಿಕೋಡ್‌ಗೆ ಐದು ಚಿಹ್ನೆ: ಕ, ಒತ್ವ, ಡ, ಗ, ಉತ್ವ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದೂ 3 ಬೈಟ್, ಒಟ್ಟು 15. ಫಾರ್ಮ್‌ನಿಂದ ಹೊರಡುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆಯ ಜೊತೆ ಎರಡಂಕಿಯಾಗಿ 45 ಅಕ್ಷರ. ಮನೆಪೆದ (ಕೊಡವರ ಮನೆತನದ ಹೆಸರು) ಸೇರಿಸಿ ಹೆಸರು ಬರೆಯುವ, ವಿಳಾಸದಲ್ಲಿ ಗ್ರಾಮ, ಅಂಚೆ, ತಾಲೂಕು ಎಲ್ಲ ಹೇಳುವ ನಮ್ಮ ಜನರ ಫಾರ್ಮ್ ಎಷ್ಟು ಉದ್ದವಾಗಬಹುದು ನೋಡಿ. ಒಂದು ಕಾಲಂಗೆ 100 ಅಕ್ಷರ ಎಂದು ಮಿತಿ ಇಟ್ಟವರು ಈ ಲೆಕ್ಕ ಹಾಕಿರುವುದಿಲ್ಲ. ಸರ್ವೆ ನಂಬರಿನಲ್ಲಿ ಓರೆಗೆರೆ ಬರುತ್ತದೆ, ಅಡ್ಡಗೆರೆ ಬರುತ್ತದೆ. ಕೈಯಿಂದ ಬರೆದ ಹಳೆ ನಿಯಮಗಳಿಗೆ ಅವೂ ಅನುಮಾನವೇ.

ಪರಿಹಾರ ಏನೆಂದರೆ, ಹೊಸ ಫೈರ್‌ವಾಲನ್ನು ಮೊದಲು ತಡೆಯಲು ಬಿಡಬೇಡಿ. ಬರೀ ನೋಡಿ ದಾಖಲಿಸುವ ಸ್ಥಿತಿಯಲ್ಲಿಡಿ, ಇಲ್ಲವೇ ಮಿತಿಯನ್ನು ತುಂಬಾ ಮೇಲಿಟ್ಟು ಮೆಲ್ಲಗೆ ಇಳಿಸುತ್ತಾ ಬನ್ನಿ. ಈ ಅವಧಿಯಲ್ಲಿ ನಿಜವಾದ ಗಿರಾಕಿಗಳು, ನಿಜವಾದ ಕನ್ನಡ, ಸೀಸನ್‌ನ ಒಂದು ವಾರಾಂತ್ಯ ಬಂದು ಹೋಗಿರಬೇಕು. ಲಾಗ್‌ನಲ್ಲಿ ತಪ್ಪಾಗಿ ಸಿಕ್ಕಿಬಿದ್ದವರನ್ನು ನೋಡಿ ವಿನಾಯಿತಿ ಬರೆಯಿರಿ: ಈ ಪುಟದ ಈ ಕಾಲಂಗೆ ಈ ಒಂದು ನಿಯಮ ಬೇಡ, ಅಷ್ಟೇ. ನಿಯಮವನ್ನೇ ಇಡೀ ಸೈಟಿಗೆ ಆಫ್ ಮಾಡುವುದು ಸೋಮಾರಿತನ.

ಫೋಟೋ ಏರಿಸುವ ಹೆಜ್ಜೆ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಡೀಫಾಲ್ಟ್ ಮಿತಿ 1 ಎಂಬಿ, ಇವತ್ತಿನ ಫೋನ್ ಫೋಟೋ ಅದನ್ನು ಸುಲಭವಾಗಿ ದಾಟುತ್ತದೆ. 413 ಎಂಬ ಎರರ್ ಕಂಡರೆ ಅದೇ. ಮಿತಿ ಏರಿಸುವಾಗ ಅಪ್‌ಲೋಡ್ ವಿಳಾಸಕ್ಕೆ ಮಾತ್ರ ಏರಿಸಿ. ನಿಧಾನದ್ದು ಇನ್ನೂ ಸೂಕ್ಷ್ಮ. 2009ರಲ್ಲಿ ಸ್ಲೋಲೋರಿಸ್ ಎಂಬ ದಾಳಿ ಬಂದಾಗಿನಿಂದ, ತೀರಾ ನಿಧಾನವಾಗಿ ಮಾತಾಡುವ ಗಿರಾಕಿಯನ್ನು ಕಳ್ಳನೆಂದು ಕಡಿದುಹಾಕುವ ನಿಯಮಗಳು ಬಂದವು. ಜುಲೈ ತಿಂಗಳಲ್ಲಿ ಭಾಗಮಂಡಲದಿಂದ ಒಂದು ಫೋಟೋ ಏರಿಸಿ ನೋಡಿ, ನೀವೂ ಕಳ್ಳರೇ. ಆ ಗಡುವನ್ನು ನಮ್ಮ ಮಳೆಗಾಲದ ನೆಟ್ ನೋಡಿ ಇಡಬೇಕು, ಡೇಟಾ ಸೆಂಟರ್‌ನ ನೆಟ್ ನೋಡಿ ಅಲ್ಲ.

ಬೆಳಗಿನ ಮೊದಲ ಎರರ್ ನನಗೆ ಬಹಳ ಇಷ್ಟದ ದೂರು, ಏಕೆಂದರೆ ಕೋಡ್ ನೋಡಿದರೂ ಕಾಣದು, ಫೈರ್‌ವಾಲ್ ನೋಡಿದರೂ ಕಾಣದು. ಆ್ಯಪ್ ಡೇಟಾಬೇಸಿಗೆ ಕೆಲವು ಕನೆಕ್ಷನ್‌ಗಳನ್ನು ತೆರೆದೇ ಇಟ್ಟುಕೊಂಡಿರುತ್ತದೆ. ರಾತ್ರಿ ಬುಕಿಂಗ್ ಇಲ್ಲ, ಅವು ಸುಮ್ಮನಿರುತ್ತವೆ. ನಡುವಿನ ಫೈರ್‌ವಾಲ್ ತನ್ನ ಪಟ್ಟಿಯಲ್ಲಿ ಸುಮ್ಮನಿರುವ ಕನೆಕ್ಷನ್‌ಗಳನ್ನು ಒಂದು ಹೊತ್ತಿನ ಮೇಲೆ ಅಳಿಸಿಬಿಡುತ್ತದೆ; ಕೆಲವದರಲ್ಲಿ ಒಂದು ಗಂಟೆ, ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಿ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ನಲ್ಲಿ ಡೀಫಾಲ್ಟ್ 4 ನಿಮಿಷ. ಎರಡೂ ಕಡೆಯವರಿಗೆ ಹೇಳದೆ ಅಳಿಸುತ್ತದೆ. ಲಿನಕ್ಸ್‌ನಲ್ಲಿ ‘ಇದ್ದೀಯಾ?’ ಎಂದು ವಿಚಾರಿಸುವ ಕೀಪ್‌ಅಲೈವ್ ಶುರುವಾಗುವುದು ಡೀಫಾಲ್ಟಾಗಿ 7200 ಸೆಕೆಂಡ್, ಅಂದರೆ 2 ಗಂಟೆಯ ಮೇಲೆ. ಅದೂ ಆ್ಯಪ್ ಕೇಳಿಕೊಂಡಿದ್ದರೆ. ಬೆಳಿಗ್ಗೆ ಮೊದಲ ಅತಿಥಿ ಬಂದಾಗ ಆ್ಯಪ್ ಸತ್ತ ಕನೆಕ್ಷನ್‌ನಲ್ಲಿ ಮಾತಾಡುತ್ತದೆ, ಉತ್ತರವಿಲ್ಲ. ಸುಮ್ಮನೆ ಬಿಟ್ಟರೆ ಲಿನಕ್ಸ್ ಕೈಚೆಲ್ಲಲು ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. ಹೀಗೆ ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿನಲ್ಲಿ (ಕನೆಕ್ಷನ್ ಪೂಲ್) ಗರಿಷ್ಠ ಆಯಸ್ಸನ್ನು ಫೈರ್‌ವಾಲ್‌ನ ಗಡುವಿಗಿಂತ ಕಡಿಮೆ ಇಟ್ಟರೆ ಮುಗಿಯಿತು. ಅದಕ್ಕೆ ಒಂದೇ ಒಂದು ಅಂಕಿ ಇಬ್ಬರ ನಡುವೆ ಓಡಾಡಬೇಕು. ಹಾಗೆಯೇ ಒಳಗಿನ ನೆಟ್‌ವರ್ಕ್‌ನಲ್ಲಿ ತಡೆಯುವಾಗ ಡ್ರಾಪ್ (ಉತ್ತರಿಸದೆ ಎಸೆಯುವುದು) ಬದಲು ರಿಜೆಕ್ಟ್ ಇಡಿ. ಇಲ್ಲ ಎಂದು ತಕ್ಷಣ ಹೇಳಿದರೆ ಡೆವಲಪರ್‌ಗೆ ಅಲ್ಲೇ ಗೊತ್ತಾಗುತ್ತದೆ. ಹೊರಗಿನವರಿಗೆ ಡ್ರಾಪ್ ಇರಲಿ.

ಪುಟ ಅರ್ಧ ಬಂದು ನಿಂತರೆ ಐಸಿಎಂಪಿ (ನೆಟ್‌ವರ್ಕ್‌ನ ಯಂತ್ರಗಳು ತೊಂದರೆ ಹೇಳಿಕೊಳ್ಳುವ ಸಂದೇಶಗಳು) ಪೂರ್ತಿ ಮುಚ್ಚಿದ್ದೀರಾ ನೋಡಿ. ಫೈಬರ್ ಕನೆಕ್ಷನ್‌ಗಳಲ್ಲಿ ಪಿಪಿಪಿಒಇ ಎಂಬ ಲಾಗಿನ್ ವಿಧಾನ ಇದ್ದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ 1500 ಬೈಟ್ ಬದಲು 1492. ಪ್ಯಾಕೆಟ್ ದೊಡ್ಡದಾಯಿತು ಎಂದು ದಾರಿಯ ರೂಟರ್ ಹೇಳುವುದು ಐಸಿಎಂಪಿಯಲ್ಲೇ. ಪಿಂಗ್ ಬೇಡವೆಂದರೆ ಪಿಂಗ್ ಮುಚ್ಚಿ, ಆ ಸಂದೇಶವನ್ನು ಬಿಡಿ.

ತೆರೆದಿರಬಾರದ್ದು ತೆರೆದಿರುವ ಕಥೆಗಳಲ್ಲಿ ಡಾಕರ್‌ನದ್ದು (ಆ್ಯಪ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಒಂದನ್ನು ಹೇಳಲೇಬೇಕು. ಉಬುಂಟು ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಹಾಕಿ ಡೇಟಾಬೇಸ್‌ನ ಪೋರ್ಟ್ 3306 ಮುಚ್ಚಿದ್ದೀರಿ. ಡಾಕರ್‌ನಲ್ಲಿ ಮೈಎಸ್‌ಕ್ಯೂಎಲ್ ಎಬ್ಬಿಸುವಾಗ ಪೋರ್ಟ್ ಪಬ್ಲಿಷ್ ಮಾಡುತ್ತೀರಿ, ಅಂದರೆ ಹೊರಗಿನಿಂದ ಬರುವಂತೆ ತೆರೆಯುತ್ತೀರಿ. ಡಾಕರ್ ತಾನೇ ಲಿನಕ್ಸ್‌ನ ಒಳಗಿನ ನಿಯಮಪಟ್ಟಿಯಾದ ಐಪಿಟೇಬಲ್ಸ್‌ಗೆ ನಿಯಮ ಬರೆಯುತ್ತದೆ, ಯುಎಫ್‌ಡಬ್ಲ್ಯೂ ಹೇಳಿದ್ದು ಆ ದಾರಿಯಲ್ಲಿ ಬರುವುದೇ ಇಲ್ಲ. ಸ್ಟೇಟಸ್ ಕೇಳಿದರೆ ‘ಡಿನೈ’ ಎಂದು ತೋರಿಸುತ್ತದೆ, ಜಗತ್ತಿಗೆ ಡೇಟಾಬೇಸ್ ತೆರೆದಿದೆ. 127.0.0.1ಕ್ಕೆ, ಅಂದರೆ ಆ ಯಂತ್ರದೊಳಗಷ್ಟೇ ಸಿಗುವಂತೆ, ಕಟ್ಟಿಹಾಕಿ, ಅಥವಾ ಪಬ್ಲಿಷ್ ಮಾಡಲೇಬೇಡಿ. ಆಮೇಲೆ ಹೊರಗಿನ ಇನ್ನೊಂದು ನೆಟ್‌ನಿಂದ ಸ್ಕ್ಯಾನ್ ಮಾಡಿ ನೋಡಿ, ಐಪಿವಿ6 ವಿಳಾಸಕ್ಕೂ ಮಾಡಿ. 2017ರ ಜನವರಿಯಲ್ಲಿ ಹೀಗೆ ತೆರೆದುಬಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ದುಡ್ಡು ಕೊಡಿ ಎಂದು ಚೀಟಿ ಬಿಟ್ಟು ಹೋಗಿದ್ದರು.

ಇಲ್ಲಿ ಒಬ್ಬರು ಕೇಳಿದರು: “ಒಳಗೆ ಬರೋದನ್ನ ಬಿಗಿ ಮಾಡಿದ್ದೇವಲ್ಲ, ಹೊರಗೆ ಹೋಗೋದನ್ನೂ ನೋಡ್ಬೇಕಾ?” ನೋಡಲೇಬೇಕು. 2021ರ ಡಿಸೆಂಬರಿನ ಲಾಗ್4ಶೆಲ್ ಎಂಬ ತಂತ್ರಾಂಶ ದೋಷ ನೆನಪಿರಬಹುದು. ಫಾರ್ಮ್‌ನಲ್ಲಿ ಒಂದು ಸಾಲು ಬರೆದರೆ, ಅದನ್ನು ಲಾಗ್ ಮಾಡುವ ಹೊತ್ತಿಗೆ ಸರ್ವರ್ ತಾನಾಗಿಯೇ ಹೊರಗಿನ ದುಷ್ಟ ಸರ್ವರ್‌ಗೆ ಹೋಗಿ ಕೋಡ್ ತಂದು ಓಡಿಸುತ್ತಿತ್ತು. ಹೊರಹೋಗುವ ದಾರಿ ಮುಚ್ಚಿದ್ದವರಲ್ಲಿ ಆ ತರುವ ಕೆಲಸ ನಿಂತಿತು. ಡಿಎನ್‌ಎಸ್ ಮೂಲಕ ಮಾಹಿತಿ ಸೋರುವುದು ಅಷ್ಟರಿಂದಲೇ ನಿಲ್ಲದು, ಆದರೂ ದೊಡ್ಡ ಹೊಡೆತ ತಪ್ಪಿತು. ನಿಮ್ಮ ಹೋಂಸ್ಟೇ ಸರ್ವರ್ ಹೊರಗೆ ಮಾತಾಡಬೇಕಾದವರು ಬೆರಳೆಣಿಕೆಯಷ್ಟು: ಪೇಮೆಂಟ್ ಗೇಟ್‌ವೇ, ಎಸ್‌ಎಂಎಸ್ ಕೊಡುವವರು, 587ನೇ ಪೋರ್ಟಿನಲ್ಲಿ ಇಮೇಲ್, ಸಾಫ್ಟ್‌ವೇರ್ ಅಪ್‌ಡೇಟ್, ಡಿಎನ್‌ಎಸ್, ಸಮಯ. ಹೀಗೆ ನಾವೇ ಕರೆಯುವ ಕಡೆ ಗೇಟ್‌ವೇಯವರ ಐಪಿ ಬದಲಾಗುತ್ತಲೇ ಇರುವುದರಿಂದ ಐಪಿ ಪಟ್ಟಿ ಹಿಡಿದು ಕೂರಬೇಡಿ. ಸ್ಕ್ವಿಡ್‌ನಂಥ ಪ್ರಾಕ್ಸಿ (ಹೊರಹೋಗುವ ಕೋರಿಕೆಗಳ ಮಧ್ಯವರ್ತಿ) ಇಟ್ಟು ಡೊಮೇನ್ ಹೆಸರಿನ ಮೇಲೆ ಬಿಡಿ.

ನಿಯಮಗಳ ವಯಸ್ಸಿನ ಬಗ್ಗೆ ಒಂದು ಮಾತು. ಆನೆ ಕಂದಕ ನೀವೆಲ್ಲ ನೋಡಿದ್ದೀರಿ. ಕೊಯ್ಲಿಗೆ ಜೀಪ್ ಹೋಗಬೇಕೆಂದು ಒಂದು ಕಡೆ ಮಣ್ಣು ತುಂಬುತ್ತಾರೆ, ಕೊಯ್ಲು ಮುಗಿದ ಮೇಲೆ ಮತ್ತೆ ತೋಡುವವರಿಲ್ಲ; ಆನೆ ಸರಿಯಾಗಿ ಅಲ್ಲೇ ಇಳಿಯುತ್ತದೆ. ‘ತಾತ್ಕಾಲಿಕ’ ಎಂದು ಬರೆದ ಫೈರ್‌ವಾಲ್ ನಿಯಮವೂ ಹಾಗೆಯೇ. ಪ್ರತಿ ನಿಯಮದ ಪಕ್ಕ ಟಿಪ್ಪಣಿ ಇರಲಿ: ಯಾವ ಆ್ಯಪ್‌ಗೆ, ಯಾರು ಕೇಳಿದ್ದು, ಯಾವ ತಾರೀಖಿನವರೆಗೆ. ಕಾರ್ಡ್ ವ್ಯವಹಾರದ ಪಿಸಿಐ ಡಿಎಸ್‌ಎಸ್ ಮಾನದಂಡ ಕನಿಷ್ಠ ಆರು ತಿಂಗಳಿಗೊಮ್ಮೆ ನಿಯಮಗಳನ್ನು ಪರಿಶೀಲಿಸಿ ಎನ್ನುತ್ತದೆ. ಕಾರ್ಡ್ ಇಲ್ಲದವರಿಗೂ ಅದು ಒಳ್ಳೆಯ ಅಳತೆ. ಅತಿಥಿಗಳು ಕಡಿಮೆ ಇರುವ, ಮಳೆಗಾಲದ ಕಕ್ಕಡ ತಿಂಗಳಲ್ಲಿ ಒಂದು ಸಲ ಕೂತರೆ, ಇನ್ನೊಂದು ಸಲವನ್ನು ಕೊಯ್ಲಿನ ಗಡಿಬಿಡಿ ಇಳಿದ ಮೇಲೆ ಇಟ್ಟುಕೊಳ್ಳಬಹುದು.

ಕೊನೆಗೆ ಎರಡು ಪ್ರಶ್ನೆ ಬಂದವು. ಸೋಮವಾರಪೇಟೆ ಕಡೆಯ ಒಬ್ಬರು ಅಕ್ಕ, “ನನಗೆ ಇದ್ಯಾವುದೂ ಬರೋದಿಲ್ಲ, ನಾನು ಏನು ಕೇಳ್ಬೇಕು ಅಷ್ಟು ಹೇಳಿ” ಎಂದರು. ಸೈಟ್ ಮಾಡಿಕೊಡುವವರ ಬಳಿ ಆ ಒಂದು ಹಾಳೆ ಕೇಳಿ ಅಕ್ಕ. ಅದು ಬಾರದೆ ಬಾಕಿ ದುಡ್ಡು ಕೊಡಬೇಡಿ. ಆಮೇಲೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ನಿಮ್ಮ ಹೆಸರನ್ನು ಕನ್ನಡದಲ್ಲೇ ತುಂಬಿ, ಫೋನಿನಲ್ಲಿ ತೆಗೆದ ಫೋಟೋ ಹಾಕಿ, ಸಣ್ಣ ಮೊತ್ತ ಕಟ್ಟಿ ಒಂದು ಬುಕಿಂಗ್ ನೀವೇ ಮಾಡಿ ನೋಡಿ. ಫೈರ್‌ವಾಲ್‌ನಲ್ಲಿ ಏನೇ ಬದಲಾದರೂ ಮತ್ತೊಮ್ಮೆ ಮಾಡಿ.

ಇನ್ನೊಬ್ಬರು ಲಾಗ್ ಎಷ್ಟು ದಿನ ಇಡಬೇಕು ಎಂದು ಕೇಳಿದರು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ 180 ದಿನ. ಅದರಲ್ಲಿ ಪಟ್ಟಿ ಮಾಡಿದ ಬಗೆಯ ದಾಳಿಗಳಾದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಗಡಿಯಾರಗಳನ್ನು ಸರ್ಕಾರಿ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕೆಂದೂ ಅದರಲ್ಲಿದೆ. ಫೈರ್‌ವಾಲ್‌ನ ಗಡಿಯಾರ ಒಂದು, ಆ್ಯಪ್‌ನ ಗಡಿಯಾರ ಇನ್ನೊಂದು ತೋರಿಸಿದರೆ ಎರಡು ಲಾಗ್ ಪಕ್ಕಪಕ್ಕ ಇಟ್ಟು ಓದಲು ಆಗುವುದಿಲ್ಲ. ಹಾಗಾಗಿ ಸಮಯ ಕೇಳಲು ಬಳಸುವ ಪೋರ್ಟ್ ಯುಡಿಪಿ 123 ಹೊರಹೋಗಲು ಬಿಟ್ಟಿದ್ದೀರಾ ಎಂದು ಇವತ್ತೇ ನೋಡಿ. ಆ ಹಾಳೆಯಲ್ಲಿ ಬಹಳ ಜನ ಬರೆಯಲು ಮರೆಯುವ ಸಾಲು ಅದು.